ಭಾವನ ರೈಲಿಗೆ ಮರ

ನನ್ನ ಅಕ್ಕನ ಗಂಡ ಚಾಮರಾಜನಗರದ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಹಗಲೆಲ್ಲ ದೊಡ್ಡ ರೈಲಿಗೆ ಹಳಿ ಬದಲಿಸುವುದು ಅವನ ನೌಕರಿ. ಸಂಜೆ ಮನೆಗೆ ಬಂದು ಪುಟ್ಟ ರೈಲಿಗೆ ಹಳಿ ಜೋಡಿಸುವುದು ಅವನ ಹುಚ್ಚು. ಹಳೆಯ ಬಾಗಿಲೊಂದನ್ನು ಎರಡು ಬೆಂಚಿನ ಮೇಲೆ ಮಲಗಿಸಿ, ಅದರ ಅಂಚಿನ ಸುತ್ತ ಹಳಿ ಹಾಕಿದ್ದ. ಸರಕಿನ ಪೆಟ್ಟಿಗೆಗೆ ಬಿಗಿದು ಬರುತ್ತಿದ್ದ ಕಬ್ಬಿಣದ ಪಟ್ಟಿಯನ್ನು ಸೀಳಿ ಮಾಡಿದ ಹಳಿ, ಬಿದಿರು ಸೀಳಿನ ಸ್ಲೀಪರು, ಸೀಮೆಎಣ್ಣೆ ಡಬ್ಬದ ತಗಡಿನ ಎಂಜಿನ್ನು, ಅದರ ಹೊಟ್ಟೆಯೊಳಗೆ ಕೆಟ್ಟು ನಿಂತಿದ್ದ ಗೋಡೆ ಗಡಿಯಾರದ ಸ್ಪ್ರಿಂಗು. ಕೀಲಿ ಕೊಟ್ಟರೆ ಕಟಕಟ ಎನ್ನುತ್ತ ಹೊರಟು, ಅಡುಗೆಮನೆ ಕಡೆಯ ತಿರುವಿನಲ್ಲಿ ಸ್ವಲ್ಪ ಏದುಸಿರು ಬಿಟ್ಟು, ಮತ್ತೆ ತನ್ನ ಪುಟ್ಟ ಸ್ಟೇಷನ್ನಿಗೆ ಬಂದು ನಿಲ್ಲುತ್ತಿತ್ತು. ನವರಾತ್ರಿಯಲ್ಲಿ ಅಕ್ಕ ಗೊಂಬೆ ಕೂರಿಸಿದಾಗ ಬಾಗಿಲನ್ನು ಹಜಾರದ ನೆಲಕ್ಕಿಳಿಸಿ, ಪಟ್ಟದ ರಾಜರಾಣಿಯರ ಮುಂದೆ ಅದೇ ಓಡಾಟ. ಗೊಂಬೆ ನೋಡಲು ಬಂದ ಹೆಂಗಸರು ರಾಜನಿಗೊಂದು ಕೈಮುಗಿದು, ಹೋಗಿ ರೈಲಿನ ಮುಂದೆ ಕೂತುಬಿಡುತ್ತಿದ್ದರು.

ಎಲ್ಲ ಸರಿಯಿತ್ತು, ಮರ ಮಾತ್ರ ಸರಿಯಿರಲಿಲ್ಲ. ಬೆಳಿಗ್ಗೆ ಬೇವಿನ ಕುಡಿ, ತುಳಸಿ ಕುಡಿ ನೆಟ್ಟರೆ ಸಂಜೆ ಆರತಿಯ ಹೊತ್ತಿಗೆ ಜೋತುಬೀಳುತ್ತಿದ್ದವು. ಒಂದು ವರ್ಷ ಭಾವ ಹಸಿರು ಕಾಗದ ಕತ್ತರಿಸಿ ಮರ ಮಾಡಿ ನಿಲ್ಲಿಸಿದ. ಪಕ್ಕದ ಮನೆಯಾಕೆ ನೋಡಿ, "ಎಲೆಕೋಸು ಎಷ್ಟ್ ಚೆಂದಾಗ್ ಬಂದದೆ!" ಎಂದಳಂತೆ. ಮೈಸೂರಿನ ದೊಡ್ಡ ಅಂಗಡಿಯಲ್ಲಿ ವಿಲಾಯಿತಿಯಿಂದ ಬಂದ, ಆಟದ ರೈಲಿಗೆಂದೇ ಮಾಡಿದ ಪುಟ್ಟ ಮರಗಳು ಸಿಗುತ್ತಿದ್ದವು ಎಂದು ಕೇಳಿದ್ದೆ. ಅವು ಪಾಯಿಂಟ್ಸ್‌ಮನ್ನಿನ ಕೈಗೆಟುಕುವ ಮರಗಳಲ್ಲ.

ನಾನು ಗುಂಡ್ಲುಪೇಟೆಯವನು. ಮೂರನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು. ಬಾಗಿಲು, ಕಿಟಕಿ, ತೊಟ್ಟಿಲು, ನೇಗಿಲು, ಯಾವುದಕ್ಕೂ ಇಲ್ಲ ಅಂದವನಲ್ಲ. ಮೀಸೆ ಬಲಿಯುವ ಮೊದಲೇ ನಾನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿದ್ದೀಯಾ ಎಂದು ಕೇಳಿದರೆ, ಹೌದು, ಹೆಮ್ಮೆಗೇ ಹೇಳುತ್ತಿದ್ದೇನೆ.

ಭಾವನಿಗೆ ಒಬ್ಬಳು ತಂಗಿ. ತಂದೆ ಇಲ್ಲದ ಮನೆ, ಅವಳ ಮದುವೆಯ ಜವಾಬ್ದಾರಿ ಅವನದೇ. ಮಗಳನ್ನು ಕೊಟ್ಟ ಮನೆಯಿಂದಲೇ ಸೊಸೆ ತರಬೇಕು ಎಂದು ನನ್ನ ಅವ್ವನ ಆಸೆ. ನನ್ನ ಆಸೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವ್ವನದಕ್ಕಿಂತ ಅದೇ ದೊಡ್ಡದಿತ್ತು. ಅಷ್ಟರಲ್ಲಿ ಮೈಸೂರಿನಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲು ಮುಗಿಸಿದ ಗುಮಾಸ್ತ. ವಿಜಯದಶಮಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆಂದು ಅವರು ಹೇಳಿಕಳಿಸಿದ್ದರು.

ಆ ವರ್ಷದ ಯುಗಾದಿಗೆ ಅವ್ವ, ನಾನು ಅಕ್ಕನ ಮನೆಗೆ ಹೋದೆವು. ಒಬ್ಬಟ್ಟು ಬಡಿಸಿದ ಹೊತ್ತಿನಲ್ಲಿ ಅವ್ವ ಮೆಲ್ಲಗೆ ಮಾತು ತೆಗೆದಳು. ಭಾವ ತುಪ್ಪ ಬಿಟ್ಟುಕೊಳ್ಳುತ್ತ ನಕ್ಕ.

"ಅಲ್ಲತ್ತೆ, ನಿಮ್ಮೂರಲ್ಲಿ ರೈಲಿಲ್ಲ. ನನ್ ತಂಗಿ ರೈಲ್ ಕೂಗಿದ್ರೆ ಏಳೋಳು, ರೈಲ್ ಕೂಗಿದ್ರೆ ಉಣ್ಣೋಳು. ಅಲ್ಲಿ ಏನ್ ಕೇಳ್ಕೊಂಡ್ ಏಳದು?"

"ಕೋಳಿ ಕೂಗ್ತದಲ್ಲಪ್ಪ," ಎಂದಳು ಅವ್ವ.

"ಓದೂ ಇಲ್ವಲ್ಲತ್ತೆ ಇವನ್ಗೆ."

ನನಗೆ ಕೆರಳಿತು. "ಓದಿಲ್ದಿದ್ರೆ ಏನ್ ಬಾವ? ಕೈಲಿ ಕೆಲ್ಸ ಅದೆ."

"ಏನ್ ಕೆಲ್ಸ್‌ಲಾ? ಮರಗೆಲ್ಸ! ದೊಡ್ಡ ಮರಗೆಲ್ಸದೋನು, ನನ್ ರೈಲ್ಗೆ ಮರ ಮಾಡ್ಕೊಡಕ್ ಆಯ್ತದಾ ನಿನ್ ಕೈಲಿ? ಗೊಂಬೆ ಕೂರ್ಸಿ ಎತ್ತೋಗಂಟ ಬಾಡ್ದೆ ಇರ್ಬೇಕು. ಎಲೆಕೋಸು ಅನ್ನಿಸ್ಕೊಬಾರ್ದು. ಮಾಡ್ಬುಡು, ನನ್ ತಂಗಿ ಕೊಟ್ಬುಡ್ತೀನಿ!"

ಎಲ್ಲರೂ ನಕ್ಕರು. ಅಡುಗೆಮನೆಯ ಬಾಗಿಲಿನಿಂದ ಅವನ ತಂಗಿಯ ದನಿ ಬಂತು. "ಸರಿಯಾಯ್ತು ಬುಡಣ್ಣ. ಮರ ಕೊಟ್ರೆ ನನ್ನ ಕೊಟ್ಬುಡ್ತೀಯ. ಕಾಡೇ ಮಾಡ್ಕೊಟ್ರೆ ಅತ್ತಿಗೇನೂ ವಾಪಸ್ ಕೊಟ್ಬುಟ್ಟೀಯ, ಜ್ವಾಕೆ!"

ನಗು ಇನ್ನೂ ಜೋರಾಯಿತು. ಭಾವ ತಮಾಷೆಗೆ ಅಂದದ್ದು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಎಲೆಯ ಮುಂದಿನಿಂದ ಎದ್ದು ನಿಂತೆ.

"ಮಾತು ಮಾತೇ ತಾನೆ ಬಾವ?"

"ಓಗ್ಲಾ, ಮೊದ್ಲು ಕೈ ತೊಳ್ಕೊ."

ಊರಿಗೆ ಬಂದವನೇ ಬೂರುಗದ ತುಂಡು ಹಿಡಿದು ಕೆತ್ತತೊಡಗಿದೆ. ಮರಗೆಲಸದವನಿಗೆ ಕೆತ್ತುವುದಲ್ಲದೆ ಬೇರೇನು ಹೊಳೆದೀತು? ಬುಡ, ಕೊಂಬೆ, ಎಲೆಯ ಗೊಂಚಲು, ಒಂದೊಂದೂ ಉಳಿಯ ಗುರುತು ಕಾಣದಷ್ಟು ನಯ. ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಚಾಮರಾಜನಗರಕ್ಕೆ ಹೋಗಿ ಭಾವನ ಮುಂದೆ ನಿಲ್ಲಿಸಿದೆ. ಅವನು ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ನನ್ನ ಮರದ ಪಕ್ಕ ನಿಲ್ಲಿಸಿದ.

"ನನ್ ರೈಲ್ನಲ್ಲಿ ಒಂದ್ ಬೆಂಕಿಕಡ್ಡಿ ಅಂದ್ರೆ ಒಬ್ಬ ಮನ್ಸ ಕಣ್ಲಾ. ಸ್ಟೇಷನ್ ಬಾಗ್ಲು, ಗಾಡಿ ಮೆಟ್ಲು, ಎಲ್ಲ ಇವನ್ ಅಳತೇಗೇ ಮಾಡಿರದು. ಈಗ ನೋಡು, ನಿನ್ ಮರದ್ದು ಒಂದ್ ಎಲೆ ಉದುರಿದ್ರೆ ಇವನ್ ಸತ್ತ."

ನೋಡಿದೆ. ನಿಜ. ನನ್ನ ಮರದ ಒಂದೊಂದು ಎಲೆಯೂ ಆ ಬಡಪಾಯಿಯ ಮೇಲೆ ಮಂಚದ ಹಲಗೆಯ ಹಾಗೆ ತೂಗುತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯ ಮರಗಳನ್ನೆಲ್ಲ ಅಳೆದುಕೊಂಡೇ ಬಂದೆ. ದೂರದಿಂದ ನೋಡಿದರೆ ಯಾವ ಮರಕ್ಕೂ ಎಲೆ ಕಾಣುವುದಿಲ್ಲ. ಪುಡಿ ಪುಡಿ ಹಸಿರು ಮಾತ್ರ ಕಾಣುತ್ತದೆ. ನಾನು ಮರಗೆಲಸ ಮಾಡುವ ಕೊಟ್ಟಿಗೆಗೆ ಬಂದು ದೀಪ ಹಚ್ಚಿದಾಗ ಆ ಪುಡಿ ನನ್ನ ಕಾಲಡಿಯಲ್ಲೇ ಬಿದ್ದಿತ್ತು. ಗರಗಸದ ಹೊಟ್ಟು! ಕೆತ್ತಿ ಉಳಿದದ್ದು ಮರವಲ್ಲ, ಕೊಯ್ಯುವಾಗ ಉದುರಿದ್ದು ಮರ. ಅದನ್ನು ಅವ್ವನ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಅವಳಿಗೆ ಗೊತ್ತಾದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಎಲೆ ಸಿಕ್ಕಿತು, ಕೊಂಬೆ ಸಿಕ್ಕಿರಲಿಲ್ಲ. ತಂತಿ ಬಗ್ಗಿಸಿ ನೋಡಿದೆ, ಛತ್ರಿಯ ಕಡ್ಡಿಯ ಹಾಗಾಯಿತು. ಹುಣಸೆ ಕಡ್ಡಿ ಕಟ್ಟಿ ನೋಡಿದೆ, ಪೊರಕೆಯ ಹಾಗಾಯಿತು. ಮೊದಲ ಮಳೆ ಬಿದ್ದು ಉಳುಮೆ ಶುರುವಾಯಿತು. ನಾನು ರಿಪೇರಿ ಮಾಡಿದ್ದ ನೇಗಿಲೊಂದರ ಮೇಣಿ, ಎಂದರೆ ಕೈಹಿಡಿ, ಸಡಿಲವಾಗಿದೆ ಎಂದು ರೈತನೊಬ್ಬ ಹೊಲಕ್ಕೇ ಕರೆಸಿದ. ಬೆಣೆ ಹೊಡೆದು ಏಳುವಾಗ ನೇಗಿಲ ಸಾಲಿನಲ್ಲಿ ಒಂದು ರಾಗಿ ಕೂಳೆ ಮಗುಚಿ ಬಿದ್ದಿತ್ತು. ಕೊಯ್ದುಳಿದ ಮೋಟು ದಂಟು ಕೆಳಗೆ, ಬೇರಿನ ಗೊಂಚಲು ಮೇಲೆ. ಮಣ್ಣು ಕೊಡವಿ ಎತ್ತಿ ಹಿಡಿದೆ. ದಂಟೇ ಬೊಡ್ಡೆ, ಬೇರೇ ಕೊಂಬೆ. ಕೊಂಬೆಗೆ ಮರಿಕೊಂಬೆ, ಅದಕ್ಕೂ ಕೂದಲೆಳೆಯಂಥ ರೆಂಬೆ. ಎಷ್ಟು ಕೆತ್ತಿದರೂ ನನ್ನ ಕೈಯಿಂದ ಬಾರದಿದ್ದ ಮರ ತಲೆಕೆಳಗಾಗಿ ನೆಲದಲ್ಲಿ ಇತ್ತು. ಹೆಗಲ ಟವಲು ಹಾಸಿ ಕೂಳೆ ಆಯತೊಡಗಿದೆ.

ರೈತ ಎತ್ತು ನಿಲ್ಲಿಸಿ ನೋಡಿದ. "ಹಸ ಇದ್ದದೇನ್ಲಾ ನಿಮ್ಮನೇಲಿ?"

"ಇಲ್ಲ ಕಣಣ್ಣ. ಮದ್ವೆ ಅದೆ."

"ಮದ್ವೇಗೆ ಕೂಳೇನಾ! ಎಣ್ಣಿನ ಕಡೆಯೋರು ಏನ್ ಉಣ್ತಾರ್ಲಾ ಅಂಗಾದ್ರೆ?"

ಅಲ್ಲಿಂದ ಮುಂದೆ ನನ್ನ ಕೈ ನಿಲ್ಲಲಿಲ್ಲ. ಕೂಳೆಗಳನ್ನು ಕೆರೆಯಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸುವುದು, ಬೇರಿನ ತುದಿಯನ್ನು ಕತ್ತರಿಯಿಂದ ಸವರುವುದು, ದಂಟುಗಳನ್ನು ದಾರದಿಂದ ಬಿಗಿದು ಬುಡಕ್ಕೊಂದು ಬಿದಿರ ಮೊಳೆ ಕೂರಿಸುವುದು. ಬೇಲದ ಮರದ ಅಂಟನ್ನು ನೀರಲ್ಲಿ ನೆನೆಸಿ, ಬೇರಿಗೆ ಅದ್ದಿ, ಹೊಟ್ಟು ಉದುರಿಸುವುದು. ಬಟ್ಟೆಗೆ ಹಾಕುವ ನೀಲಿಗೆ ಅರಿಶಿನ ಬೆರೆಸಿದರೆ ಹಸಿರು. ಅರಿಶಿನದ ಸೀಮೆಯಲ್ಲಿ ಹುಟ್ಟಿ ಅಂಗಡಿಯ ಬಣ್ಣ ಕೊಳ್ಳುವ ದರಿದ್ರ ನನಗೇನು? ಅವ್ವ ಒರಳಿನ ಮುಂದೆ ಕೂತು, "ಮದ್ವೆಗೆ ಅರಿಸ್ನ ಕುಟ್ಟದು ಕಂಡಿದ್ದೆ. ಹೊಟ್ಟಿಗೆ ಅರಿಸ್ನ ಕುಟ್ಟದು ಇವತ್ತೇ ಕಂಡದ್ದು," ಎನ್ನುತ್ತಲೇ ಕುಟ್ಟಿಕೊಟ್ಟಳು.

ಮಾದರಿಗೆ ಕೆಲವನ್ನು ಅಕ್ಕನ ಮನೆಗೆ ಒಯ್ದೆ. ಭಾವ ಡ್ಯೂಟಿಯಲ್ಲಿದ್ದ. ಅವನ ತಂಗಿ ಕಂಬಕ್ಕೆ ಒರಗಿ ನಿಂತು ನೋಡಿ, ನನಗೆ ಹೇಳಬೇಕಾದ್ದನ್ನು ನನ್ನ ಅಕ್ಕನಿಗೆ ಹೇಳಿದಳು.

"ಅತ್ತಿಗೆ, ನಿಮ್ ತಮ್ಮಂಗೆ ಯೋಳಿ. ಮರವೆಲ್ಲ ಒಂದೇ ದಿನ ಹುಟ್ದಂಗವೆ. ಸ್ಕೂಲ್ ಮಕ್ಳು ಲೈನಲ್ಲಿ ನಿಂತಂಗೆ. ಹುಣ್ಸೆ ಚಿಗುರು ಅಳದಿ ತಿರ್ಗ್‌ತದೆ, ಮಾವು ಕಪ್ಪಗಿರ್ತದೆ, ಜಾಲಿ ಮ್ಯಾಲ್ಗಡೆ ತಟ್ಟೆ ಇಟ್ಟಂಗಿರ್ತದೆ. ಮರ ನೋಡಿಲ್ವಾ ಅಂತ ಕೇಳಿ."

"ಮರ ಕುಯ್ಯೋನ್ಗೆ ಮರ ನೋಡಿಲ್ವಾ ಅಂತ ಕೇಳ್ತಾಳಲ್ಲಕ್ಕ!" ಎಂದೆ ನಾನೂ ಅಕ್ಕನಿಗೇ.

"ಇಬ್ರೂ ನನ್ನ ಯಾಕ್ ಟೆಲಿಫೋನ್ ಮಾಡ್ಕೊಂಡಿದ್ದೀರ್ರಪ್ಪ!" ಎಂದು ಅಕ್ಕ ಒಳಗೆ ಹೋದಳು.

ಬಸ್ಸಿನಲ್ಲಿ ಸಿಟ್ಟು ಬಂತು. ಊರು ಮುಟ್ಟುವ ಹೊತ್ತಿಗೆ ಸಿಟ್ಟು ಹೋಗಿ ಅವಳು ಹೇಳಿದ್ದು ಸರಿ ಅನ್ನಿಸಿತ್ತು. ಅರಿಶಿನ ಹೆಚ್ಚು ಹಾಕಿ ಹುಣಸೆ ಮಾಡಿದೆ, ನೀಲಿ ಹೆಚ್ಚು ಹಾಕಿ ಮಾವು ಮಾಡಿದೆ, ಬೇರನ್ನು ಹಲಗೆಯಡಿ ಒತ್ತಿಟ್ಟು ಚಪ್ಪಟೆ ನೆತ್ತಿಯ ಜಾಲಿ ಮಾಡಿದೆ. ಗಾಳಿಗೆ ವಾಲಿದ್ದು ಒಂದು, ಕೊಂಬೆ ಮುರಿದದ್ದು ಒಂದು. ಬೆಳಿಗ್ಗೆ ಎದ್ದು ಕೊಟ್ಟಿಗೆಯ ಬಾಗಿಲು ತೆಗೆದರೆ ಹಲಗೆಯ ಮೇಲೆ ಒಂದು ತೋಪೇ ನಿಂತಿರುತ್ತಿತ್ತು. ನನಗೆ ನಾನೇ ನಗುತ್ತ ನಿಲ್ಲುತ್ತಿದ್ದೆ.

ಗೊಂಬೆ ಕೂರಿಸುವ ಹಿಂದಿನ ದಿನ ಮರಗಳನ್ನೆಲ್ಲ ಬಾಳೆದಿಂಡಿನ ತುಂಡುಗಳಿಗೆ ಚುಚ್ಚಿ, ಎರಡು ಬಿದಿರ ಮಕ್ಕರಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ಮಕ್ಕರಿಯೊಳಗೆ ಇಣುಕಿದಳು.

"ಅದ್ಯಾವ್ ಸೊಪ್ಪು ಮಗ? ಎಂಗ್ ಕಟ್ಟು?"

"ಸೊಪ್ಪಲ್ಲ ಕಣವ್ವ, ಮರ."

"ಮರಾನಾ? ನೆಟ್ರೆ ಯಾವಾಗ್ ದೊಡ್ಡದಾದದು?"

"ದೊಡ್ಡದಾಗಲ್ಲ ಕಣವ್ವ. ಚಿಕ್ಕದಾಗೇ ಇರ್ಲಿ ಅಂತ ಇಷ್ಟ್ ಕಷ್ಟಪಟ್ಟಿರದು."

ಮುದುಕಿ ನನ್ನ ಮುಖವನ್ನೊಮ್ಮೆ ನೋಡಿ, ಸ್ವಲ್ಪ ಸರಿದು ಕೂತಳು.

ಭಾವ ರಜ ಹಾಕಿ ಕಾದಿದ್ದ. ಮಕ್ಕರಿಯ ಬಟ್ಟೆಯನ್ನು ತಾನೇ ಸರಿಸಿದ. ಬೆಂಕಿಕಡ್ಡಿಯ ಮನುಷ್ಯನನ್ನು ತೆಗೆದು ಒಂದು ಹುಣಸೆಯ ಕೆಳಗೆ ನಿಲ್ಲಿಸಿ, ತಾನು ನೆಲಕ್ಕೆ ಗಲ್ಲ ಊರಿ ನೋಡಿದ. "ನೆರಳಲ್ಲಿ ನಿಂತವ್ನೆ ಕಣ್ಲಾ," ಎಂದ. ಅಷ್ಟು ಸಾಕಿತ್ತು ನನಗೆ. ಸ್ಟೇಷನ್ನಿನ ಮುಂದೆ ಒಂದು ಸಾಲು, ಹಿಂದೆ ಮಣ್ಣಿನ ಬೆಟ್ಟದ ಇಳಿಜಾರಿನಲ್ಲಿ ಕಾಡು, ಇಬ್ಬರೂ ಕೂತು ನೆಟ್ಟೆವು. ನೆಟ್ಟು ಮುಗಿದ ಮೇಲೆ ಭಾವ ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕದಡಿಕೊಂಡು ಬಂದ.

"ಇದ್ಯಾಕ್ ಬಾವ?"

"ಸ್ಟೇಷನ್ ಮರ ಅಂದ್ರೆ ಬುಡಕ್ಕೆ ಸುಣ್ಣ ಇರ್ಬೇಕು. ಇನ್ಸ್‌ಪೆಕ್ಷನ್ಗೆ ಬಂದೋರು ಮೊದ್ಲು ನೋಡದೇ ಅದು."

ಎಷ್ಟು ಚೆನ್ನಾದ ಮಾತು! ಕೋಳಿ ಪುಕ್ಕದ ತುದಿಯಿಂದ ಅವನು ಆ ಕಡೆಯಿಂದ, ನಾನು ಈ ಕಡೆಯಿಂದ ಬಳಿದುಕೊಂಡು ಬಂದೆವು. ಕೈಗೆ ಹುಮ್ಮಸ್ಸು ಬಂದಿತ್ತು, ಕಾಡಿನ ಮರಗಳನ್ನೂ ಬಿಡಲಿಲ್ಲ. ಬುಡವೆಲ್ಲ ಬೆಳ್ಳಗಾಗಿ, ಸಾಲಾಗಿ ಕಾಲುಚೀಲ ತೊಟ್ಟ ಹಾಗೆ ಕಂಡವು. ಹೆಮ್ಮೆಯಿಂದ ಎದ್ದು ಊಟಕ್ಕೆ ಕೂತೆವು.

ಎರಡನೇ ಸಲ ಸಾರು ಬಡಿಸುವಾಗ ಹಜಾರದಿಂದ ಅವಳು ಕೂಗಿದಳು. "ಅಣ್ಣಾ! ನಿನ್ ಸ್ಟೇಷನ್ಗೆ ಬೆಂಕಿ ಬಿದ್ದದೆ!"

ಎಂಜಲು ಕೈಯಲ್ಲೇ ಓಡಿದೆವು. ಮರಗಳೆಲ್ಲ ಕೆಂಪಗಾಗುತ್ತಿದ್ದವು. ಬೇರಿನ ಎಳೆಗಳು ಬತ್ತಿ ಎಣ್ಣೆ ಎಳೆದ ಹಾಗೆ ಸುಣ್ಣದ ನೀರನ್ನು ಎಳೆದುಕೊಂಡು, ನೆತ್ತಿಯ ಒಳಗಿನಿಂದ ಹೊರಕ್ಕೆ ಕೆಂಪು ಹಬ್ಬುತ್ತಿತ್ತು. ಹುಣಸೆ ಕುಂಕುಮದ ಹಾಗೆ, ಮಾವು ಹಳೆಯ ಇಟ್ಟಿಗೆಯ ಹಾಗೆ. ಅರಿಶಿನಕ್ಕೆ ಸುಣ್ಣ ಕಲಸಿದರೆ ಕೆಂಪಾಗುತ್ತದೆ. ನಮ್ಮ ಕಡೆ ಯಾವ ಮನೆಯ ಆರತಿ ತಟ್ಟೆಯ ನೀರೂ ಹಾಗೆಯೇ ಕೆಂಪಾಗುವುದು. ಹುಟ್ಟಿದಂದಿನಿಂದ ಅದರ ಎದುರು ಕೂತು ಹಣೆಗೆ ಇಡಿಸಿಕೊಂಡ ಇಬ್ಬರು ಗಂಡಸರಿಗೆ ಅದು ಹೊಳೆದಿರಲಿಲ್ಲ.

"ಬಾಡದಂಗಿರೋ ಮರ ತತ್ತಾ ಅಂದ್ರೆ, ಸುಟ್ಟೇ ತಂದ್ಯಲ್ಲಾ!" ಎಂದ ಭಾವ.

"ಸುಣ್ಣ ತಂದೋರ್ ಯಾರು ಬಾವ?"

"ಅರಿಸ್ನ ಹಾಕ್ದೋನ್ ಯಾರ್ಲಾ?"

"ನೀನೊಂದ್ ಮಾತು ಕೇಳ್ಬೋದಾಗಿತ್ತು!"

"ನೀನೊಂದ್ ಮಾತು ಯೋಳ್ಬೋದಾಗಿತ್ತು!"

"ಹೆಣ್ಮಕ್ಳನ್ನ ಒಂದ್ ಮಾತು ಇಬ್ರೂ ಕೇಳ್ಬೋದಾಗಿತ್ತು," ಎಂದಳು ಅಕ್ಕ.

ಭಾವ ಬೆಂಚಿನ ಮೇಲೆ ಕೂತುಬಿಟ್ಟ. ಬೆಳಗಾದರೆ ರಾಜರಾಣಿ ಪೆಟ್ಟಿಗೆಯಿಂದ ಏಳಬೇಕು. ಇನ್ನೊಂದು ಕಾಡು ಮಾಡಲು ನನ್ನ ಬಳಿ ಕೂಳೆಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಯುಗಾದಿಯಲ್ಲಿ ಎದ್ದು ನಿಂತು ಆಡಿದ ಮಾತು ನೆನಪಾಯಿತು. ಮೈಸೂರಿನವರು ಜಟಕಾದಿಂದ ಇಳಿಯುವುದು ಕಣ್ಣಿಗೆ ಕಟ್ಟಿತು. ಕೈ ತೊಳೆದು ಬಂದು, ಬಾಳೆದಿಂಡು ಎಳೆದುಕೊಂಡು, ಒಂದು ಕಡೆಯಿಂದ ಮರ ಕೀಳತೊಡಗಿದೆ.

"ಕೀಳ್ಬ್ಯಾಡಿ."

ಅವಳು ನೇರವಾಗಿ ನನಗೆ ಹೇಳಿದ ಮೊದಲ ಮಾತು ಅದು. ಒಂದು ನಿಂಬೆಹಣ್ಣು ಹೆಚ್ಚಿ ಬಟ್ಟಲ ನೀರಿಗೆ ಹಿಂಡಿಕೊಂಡು ಬಂದು ಕುಕ್ಕರಗಾಲಿನಲ್ಲಿ ಕೂತಳು. ಪೊರಕೆ ಕಡ್ಡಿ ಅದ್ದಿ ಕಾಡಿನ ಅಂಚಿನ ಒಂದು ಮರಕ್ಕೆ ಮುಟ್ಟಿಸಿದಳು. ಕೆಂಪು ಕರಗಿತು. ಹಸಿರು ಮೆಲ್ಲಗೆ ಕಣ್ಣು ಬಿಟ್ಟಿತು. ಅವಳು ಒಂದು ಕಡ್ಡಿಯನ್ನು ನನ್ನ ಕೈಗೂ ಕೊಟ್ಟಳು. ಬುಡದ ಸುಣ್ಣವನ್ನು ನಾನು ಬಟ್ಟೆಯಿಂದ ಒರೆಸುವುದು, ಅವಳು ಹುಳಿ ಮುಟ್ಟಿಸುವುದು. ಬೆಟ್ಟದ ಕಾಡು ಪೂರ್ತಿ ಹಸಿರಾಗಿ, ಸ್ಟೇಷನ್ನಿನ ಸಾಲಿಗೆ ಬಂದಾಗ ಅವಳು ನಿಲ್ಲಿಸಿದಳು.

"ಅಣ್ಣ, ಹುಳಿ ಬಿದ್ರೆ ನಿನ್ ಸುಣ್ಣಾನೂ ಓಯ್ತದೆ. ಸುಣ್ಣ ಬೇಕಾ, ಬ್ಯಾಡ್ವಾ?"

"ಸುಣ್ಣ ಇಲ್ದಿದ್ರೆ ಅದ್ಯಾವ್ ಸೀಮೆ ಸ್ಟೇಷನ್ನು?" ಎಂದ ಭಾವ, ಬೆಂಚಿನ ಮೇಲಿಂದಲೇ.

"ಅಂಗಾದ್ರೆ ಇವು ಕೆಂಪಗೇ ಇರ್ಲಿ. ಗೋಪಾಲಸ್ವಾಮಿ ಬೆಟ್ಟದ ದಾರೀಲಿ ಮುತ್ತುಗ ಕಂಡಿಲ್ವಾ? ಮರಕ್ಕೆಲ್ಲ ಕೆಂಡ ಕಟ್ಟಿದಂಗೆ?"

"ಮುತ್ತುಗ ಹೂ ಬುಡದು ಚಳಿ ಕಳೆದ್ ಮ್ಯಾಲೆ ಕಣಮ್ಮಿ. ಇದು ದಸರ."

"ನಿನ್ ರಾಜರಾಣಿ ವರ್ಸೆಲ್ಲ ಪೆಟ್ಗೇಲಿ ಮಲಗಿದ್ದು ಒಂಬತ್ ದಿನ ಏಳ್ತಾರೆ. ಅವ್ರಿಗ್ ಯಾವ್ ಕಾಲ ಗೊತ್ತಾಯ್ತದೆ? ಕೆಂಪಗದೆ, ಚೆಂದಾಗದೆ ಅಂತಾರೆ."

ಭಾವ ಎದ್ದು ಬಂದು ನೋಡಿದ. ಬಿಳಿಯ ಬುಡ, ಕೆಂಪು ನೆತ್ತಿ, ಹಿಂದೆ ಹಸಿರು ಬೆಟ್ಟ. ಕೀಲಿ ತಿರುಗಿಸಿ ಎಂಜಿನ್ನು ಬಿಟ್ಟ. ಅದು ಹಸಿರಿನಿಂದ ಹೊರಟು ಕೆಂಪಿನೊಳಗೆ ನುಗ್ಗಿ ಬಂತು. ಅವನು ಯಾರ ಮುಖವನ್ನೂ ನೋಡದೆ ಮತ್ತೊಮ್ಮೆ ಕೀಲಿ ಕೊಟ್ಟ.

ಆ ವರ್ಷ ಗೊಂಬೆ ನೋಡಲು ಬಂದವರು ಹಜಾರ ಹಿಡಿಸಲಿಲ್ಲ. ಎಲೆಕೋಸು ಎಂದಿದ್ದ ಪಕ್ಕದ ಮನೆಯಾಕೆ ತನ್ನ ತವರಿನವರನ್ನೆಲ್ಲ ಕರೆತಂದು, ಮರ ತಾನೇ ನೆಟ್ಟವಳ ಹಾಗೆ ತೋರಿಸಿದಳು. ನಾನು ಆಯುಧಪೂಜೆಗೆ ಊರಿಗೆ ಹೋಗಿ ಉಳಿ, ಗರಗಸಕ್ಕೆ ಕುಂಕುಮ ಇಟ್ಟು, ವಿಜಯದಶಮಿಗೆ ಅವ್ವನನ್ನು ಕರೆದುಕೊಂಡು ಮತ್ತೆ ಬಂದೆ. ಮರಗಳು ನೆಟ್ಟ ಹಾಗೆಯೇ ನಿಂತಿದ್ದವು. ಒಂದೂ ಬಾಡಿರಲಿಲ್ಲ.

ಗೊಂಬೆ ಎತ್ತಿಡುವ ಹೊತ್ತು. ಅಕ್ಕ ರಾಜರಾಣಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಭಾವನ ತಂಗಿ ಮರಗಳನ್ನು ಒಂದೊಂದಾಗಿ ಹತ್ತಿಯ ನಡುವೆ ಮಲಗಿಸುತ್ತಿದ್ದಳು. ಭಾವ ಗಂಟಲು ಸರಿಮಾಡಿಕೊಂಡ.

"ಅತ್ತೆ, ಇವನ್ ಗೆದ್ದ. ನಾನ್ ಮಾತ್ ತಪ್ಪೋನಲ್ಲ. ಆದ್ರೆ ಅವತ್ತು ಅವಳನ್ನ ಕೇಳ್ದೆ ಮಾತು ಕೊಟ್ಬುಟ್ಟಿದ್ದೆ. ಈಗ್ ಕೇಳ್ತೀನಿ. ಏನಮ್ಮಿ, ಮೈಸೂರೋರ್ಗೆ ಬನ್ನಿ ಅನ್ಲಾ, ಬ್ಯಾಡ ಅನ್ಲಾ?"

ಅವಳು ತಲೆ ಎತ್ತಲಿಲ್ಲ. "ಮೈಸೂರಲ್ಲಿ ರೈಲೂ ಅದೆ, ಕರೆಂಟೂ ಅದೆ," ಎಂದಳು.

ಅವ್ವ ನನ್ನ ಮೊಣಕೈ ಹಿಡಿದಳು. ನಾನು ಹಳಿಯನ್ನೇ ನೋಡುತ್ತ ನಿಂತೆ. ಅವಳು ಇನ್ನೊಂದು ಮರ ಎತ್ತಿಕೊಂಡು ಮುಂದುವರಿಸಿದಳು.

"ಆ ಗುಮಾಸ್ತ್ರಿಗೆ ಎಲ್ಲ ಬತ್ತದಂತೆ. ಇವರ್ಗೆ ನೋಡು, ಅರಿಸ್ನಕ್ಕೆ ಸುಣ್ಣ ತಾಗುಸ್ಬಾರ್ದು ಅಂತಾನೂ ಗೊತ್ತಿಲ್ಲ. ಬಣ್ಣ ಹಾಕಕ್ಕೇ ಬರಲ್ಲ. ಮುಂದಿನ್ ವರ್ಸ ಇನ್ನೊಂದ್ ಕಾಡ್ ಮಾಡ್ತೀನಿ ಅಂತ ಹೊಂಟ್ರೆ, ಪಕ್ದಲ್ಲಿ ಕೂತು ನೋಡ್ಕಳೋರ್ ಒಬ್ರು ಬ್ಯಾಡ್ವಾ?"

ಅಕ್ಕ ರಾಣಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಗತೊಡಗಿದಳು. ಭಾವ ನನ್ನ ಬೆನ್ನಿಗೊಂದು ಗುದ್ದಿದ.

"ಕೇಳಿಸ್ತೇನ್ಲಾ? ಬಣ್ಣ ಹಾಕಕ್ಕೆ ಬರಲ್ವಂತೆ ನಿಂಗೆ. ಒಪ್ಕೊತೀಯೋ, ಮೈಸೂರ್ಗೆ ಯೋಳಿಕಳಿಸ್ಲೋ?"

ನನ್ನ ಕೈಕೆಲಸದ ಬಗ್ಗೆ ಅಂಥ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿಸಿಕೊಂಡು ಸುಮ್ಮನಿದ್ದವನಲ್ಲ. ಆಮೇಲೂ ಸುಮ್ಮನಿದ್ದಿಲ್ಲ, ಅವತ್ತೊಂದು ದಿನ ಬಿಟ್ಟು.

"ಬರಲ್ಲ ಬಾವ," ಎಂದೆ. "ಒಂಚೂರೂ ಬರಲ್ಲ."